ಬಲಗಾಲಿಗೆ ಸಿಗದ ಬ್ರೇಕು

ಭಾನುವಾರ, ಹೊತ್ತು ಇನ್ನೂ ನೆತ್ತಿಗೆ ಬಂದಿಲ್ಲ

ನನ್ನ ಮುದ್ದು ಗುಬ್ಬಿ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಈಗಷ್ಟೇ ನಿನ್ನನ್ನು ಕಣ್ಣಾರೆ ನೋಡಿದ್ದೇನೆ. ಚೆನ್ನಾಗಿಯೇ ಇದ್ದೀಯ. ಸ್ವಲ್ಪ ಸೊರಗಿದ ಹಾಗೆ ಕಂಡೆ, ಆದರೆ ಹೆತ್ತವರ ಕಣ್ಣಿಗೆ ಮಕ್ಕಳು ಯಾವತ್ತು ತಾನೇ ತುಂಬಿಕೊಂಡು ಕಂಡಾವು? ಎಲ್ಲಿಂದ ನೋಡಿದೆ, ಹೇಗೆ ನೋಡಿದೆ ಎಂದು ಹುಡುಕುತ್ತಾ ಕಾಗದದ ಕೊನೆಗೆ ಹಾರಬೇಡ. ನಿನ್ನ ಬುದ್ಧಿ ನನಗೆ ಗೊತ್ತು, ಕಥೆಪುಸ್ತಕ ಕೈಗೆ ಕೊಟ್ಟರೆ ಕೊನೆಯ ಪುಟವನ್ನೇ ಮೊದಲು ಓದುವವಳು. ಇದೊಂದು ಸಲ ಸಾಲಾಗಿ ಓದು. ನಾನೂ ಸಾಲಾಗಿಯೇ ಬರೆಯುತ್ತೇನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಸಮುದ್ರದ ಪಕ್ಕದ ಈ ಜೌಗಿನಿಂದ ನೀನು ಬರೆದ ಕಾಗದ ನನಗೆ ಬಾಯಿಪಾಠವಾಗಿದೆ. ಅಮ್ಮ, ತೂಬಿನ ಕೆಲಸ ಖಾಯಂ ಮಾಡ್ತೀವಿ ಅಂತಿದಾರೆ, ಹೂಂ ಅನ್ನೋಕೆ ಮುಂಚೆ ನೀನು ಒಂದೇ ಒಂದು ಸಲ ಬಂದು ಈ ಜಾಗ ನೋಡು, ನೋಡಿದ ಮೇಲೂ ಮನೆಗೆ ಬಾ ಅಂದ್ರೆ ಮರುಮಾತಿಲ್ಲದೆ ಗಂಟುಮೂಟೆ ಕಟ್ತೀನಿ, ಆದ್ರೆ ನೋಡದೆ ಮಾತ್ರ ಹೇಳ್ಬೇಡ ಎಂದು ಬರೆದಿದ್ದೆ. ಕೊನೆಗೆ ಒಂದು ಸಾಲು: ಇಲ್ಲಿಗೆ ಕಾರು ಬರಲ್ಲ.

ಅದನ್ನು ಓದಿ ನನಗಾದ ಸಂತೋಷ ಹೇಳತೀರದು. ಗೆದ್ದೆ ಅಂದುಕೊಂಡೆ. ನೋಡುವುದು ಎಷ್ಟು ಹೊತ್ತಿನ ಕೆಲಸ? ಹೋಗುವುದು, ಸುತ್ತ ಒಮ್ಮೆ ಕಣ್ಣಾಡಿಸುವುದು, ನಡಿ ಮನೆಗೆ ಅನ್ನುವುದು. ನೀನು ಕೊಟ್ಟ ಮಾತಿಗೆ ತಪ್ಪುವವಳಲ್ಲ, ಅದೂ ಗೊತ್ತು. ಡ್ರೈವಿಂಗ್ ಸ್ಕೂಲಿನ ಬೋರ್ಡಿಗೆ ಹೋದ ವರ್ಷ ಹೊಸ ಬಣ್ಣ ಬಳಿಸಿದಾಗ ನನ್ನ ಹೆಸರಿನ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಬಿಡಿಸಿದ್ದೆ. ಬಣ್ಣದವನು ಅಳತೆ ತಪ್ಪಿದ ಎಂದು ನಿನಗೆ ಹೇಳಿದ್ದೆನಲ್ಲ, ಅವನು ತಪ್ಪಿರಲಿಲ್ಲ.

ಕಾರು ಬರಲ್ಲ ಅನ್ನುವ ಮಾತನ್ನು ನಾನು ನಂಬಲಿಲ್ಲ. ಕಾರು ಹೋಗದ ಜಾಗ ಅಂತ ಒಂದಿದೆಯೇ, ಓಡಿಸುವವರಿಗೆ ಬರಬೇಕು ಅಷ್ಟೇ ಎಂದು ಮಾರನೆಯ ವಾರವೇ ಸ್ಕೂಲಿನ ಕಾರು ತೆಗೆದುಕೊಂಡು ಹೊರಟೆ. ಜೌಗಿನ ಏರಿ ಶುರುವಾಗುವ ಕಡೆ ಆ ಎರಡು ಕಲ್ಲುಕಂಬ ನಿಂತಿದ್ದವು. ಇಳಿದು ಗೇಣು ಹಾಕಿ ಅಳೆದೆ. ಕಾರಿನ ಕನ್ನಡಿ ಎರಡನ್ನೂ ಮಡಚಿದರೆ ಹೋದೀತೇನೋ ಎಂದು ಇನ್ನೊಮ್ಮೆ ಅಳೆದೆ. ನಾನು ಹೀಗೆ ಬಗ್ಗಿ ಗೇಣು ಹಾಕುತ್ತಿರುವಾಗ ಯಾರೋ ಗಂಡ ಹೆಂಡತಿ, ನನಗಿಂತ ವಯಸ್ಸಾದವರು, ಸೈಕಲ್ ಮೇಲೆ ಬಂದು, ಸ್ವಲ್ಪ ಜಾಗ ಬಿಡ್ತೀರಾಮ್ಮ ಎಂದು ಬೆಲ್ಲು ಹೊಡೆದು ಕಂಬಗಳ ನಡುವೆ ಸಲೀಸಾಗಿ ನುಸುಳಿ ಹೋದರು. ನನಗೆ ಮೈಯೆಲ್ಲಾ ಉರಿಯಿತು. ನಡೆದು ಹೋಗೋಣವೆಂದರೆ ಅಷ್ಟುದ್ದದ ಏರಿಗೆ ನನ್ನ ಮಂಡಿ ಒಪ್ಪುವುದಿಲ್ಲ. ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಬಂದೆ.

ಆಗ ಸೈಕಲ್ ಕಲಿಯಲು ಶುರುಮಾಡಿದೆ. ನಗು, ಪೂರ್ತಿ ನಗು. ಊರಿಗೆಲ್ಲ ಕಾರು ಕಲಿಸಿದವಳಿಗೆ ಸೈಕಲ್ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಚಿಕ್ಕಂದಿನಲ್ಲಿ ಇದ್ದ ಒಂದೇ ಸೈಕಲ್ಲು ನಿನ್ನ ಸೋದರಮಾವನ ಪಾಲಾಗಿತ್ತು, ನಾನು ನೇರವಾಗಿ ಸ್ಟೇರಿಂಗಿಗೇ ಬಂದವಳು. ಕಲಿಸಿದ್ದು ಯಾರು ಗೊತ್ತೆ? ಮೂಲೆಯ ಸೈಕಲ್ ಅಂಗಡಿಯವನು. ಲೈಸೆನ್ಸ್ ಪರೀಕ್ಷೆಗೆ ಮುಂಚೆ ನನ್ನ ಕೈಯಲ್ಲಿ ಬೈಸಿಕೊಂಡು ಬೈಸಿಕೊಂಡು ಕಿವಿ ಕೆಂಪಗೆ ಮಾಡಿಕೊಳ್ಳುತ್ತಿದ್ದನಲ್ಲ, ಅವನೇ. ಗುರುವಿಗೇ ತಿರುಮಂತ್ರ ಹಾಕಲು ಇಷ್ಟು ವರ್ಷ ಕಾದಿದ್ದನೋ ಏನೋ. ಸಂತೆ ಮೈದಾನದಲ್ಲಿ ಬೆಳಗ್ಗೆ ನನ್ನ ಹಿಂದೆ ಓಡಿ ಬರುತ್ತಾ, ಮೇಡಂ ಹತ್ತಿರ ನೋಡ್ಬೇಡಿ, ದೂರ ನೋಡಿ, ಗುಂಡಿ ನೋಡಿದ್ರೆ ಗುಂಡಿಗೇ ಹೋಗ್ತೀರಿ ಎಂದು ಕೂಗುತ್ತಿದ್ದ. ಅಷ್ಟೂ ನನ್ನದೇ ಮಾತು, ನನ್ನದೇ ದನಿಯಲ್ಲಿ. ಬೇಲಿಯ ಆಚೆ ನನ್ನ ಈಗಿನ ಶಿಷ್ಯರು ಸಾಲಾಗಿ ನಿಂತು ನೋಡುತ್ತಿದ್ದರು. ಮಾನ ಅನ್ನುವುದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೆ.

ಬ್ಯಾಲೆನ್ಸು ಬಂತು. ಬಾರದೆ ಹೋದದ್ದು ನಿಲ್ಲಿಸುವುದು. ನಮ್ಮ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಬಲಗಾಲಿನ ಕೆಳಗೂ ಒಂದು ಬ್ರೇಕ್ ಇದೆಯಲ್ಲ, ಶಿಷ್ಯರು ತಪ್ಪಿದರೆ ನಾನು ಒತ್ತಲು. ಮೂವತ್ತು ವರ್ಷ ಅದನ್ನು ಒತ್ತಿದ ಕಾಲು ಇದು. ಎದುರಿಗೆ ನಾಯಿ ಬಂದರೂ, ಎಮ್ಮೆ ಬಂದರೂ ತಲೆಗಿಂತ ಮೊದಲು ನನ್ನ ಬಲಗಾಲು ಕೆಳಗೆ ಹೋಗುತ್ತದೆ. ಸೈಕಲ್ಲಿನಲ್ಲಿ ಬಲಗಾಲಿನ ಕೆಳಗೆ ಇರುವುದು ಪೆಡಲು! ಜೋರಾಗಿ ಒತ್ತಿದರೆ ಸೈಕಲ್ ನಿಲ್ಲುವ ಬದಲು ಮುಂದಕ್ಕೆ ನೆಗೆಯುತ್ತದೆ. ಹೀಗೆ ನಾನು ಮೈದಾನದ ಬೇಲಿಗೆ, ಹುಲ್ಲಿನ ಗಾಡಿಗೆ, ಕೊನೆಗೆ ಅಂಗಡಿಯವನಿಗೇ ಗುದ್ದಿದ್ದೇನೆ. ಬ್ರೇಕ್ ಕೈಯಲ್ಲಿದೆ ಮೇಡಂ, ಕೈಯಲ್ಲಿ ಎಂದು ಅವನು ಬಡಿದುಕೊಂಡ. ಕೈಗೆ ಗೊತ್ತಾಯಿತು, ಕಾಲಿಗೆ ಇವತ್ತಿಗೂ ಗೊತ್ತಾಗಿಲ್ಲ. ನೀನು ಕಾರು ಕಲಿಯುವಾಗ, ಓಡಿಸ್ತಿರೋದು ನಾನಾ ನೀನಾ ಎಂದು ಕೂಗಿ ನಡುರಸ್ತೆಯಲ್ಲಿ ಇಳಿದು ಹೋಗಿದ್ದೆಯಲ್ಲ, ಮೈದಾನದಲ್ಲಿ ಬಿದ್ದಾಗಲೆಲ್ಲ ಅದು ನೆನಪಾಗುತ್ತಿತ್ತು.

ನಿಮ್ಮಪ್ಪನ ವಿಷಯ. ಅವರು ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ ಎಲ್ಲವನ್ನೂ ನೋಡುತ್ತಿದ್ದರು. ಒಂದು ದಿನ ನನ್ನ ಪ್ಯಾಂಟು ಕೇಳಿ ಇಸಿದುಕೊಂಡರು. ಯಾರದೋ ಹಳೆಯ ಕೋಟಿನ ಭುಜದ ಪ್ಯಾಡು ಎರಡನ್ನು ಬಿಚ್ಚಿ, ಕೂರುವ ಜಾಗಕ್ಕೆ ಒಳಗಿನಿಂದ ಹೊಲಿದು ಕೊಟ್ಟರು. ನಿನ್ನೆ ರಾತ್ರಿ ಊಟ ಮಾಡುತ್ತಾ ಒಂದೇ ಮಾತು ಕೇಳಿದರು. ಅವಳಿಗೆ ಹೇಳೋ ಮಾತನ್ನ ಇಲ್ಲೇ ಹೊಲಿದು ತಗೊಂಡು ಹೋಗ್ತಿದೀಯಾ, ಇಲ್ಲಾ ಅಲ್ಲಿ ಅಳತೆ ತಗೊಂಡು ಹೊಲೀತೀಯಾ ಎಂದು. ನನ್ನ ಮಾತನ್ನು ಆಗಲೇ ಹೊಲಿದು, ಇಸ್ತ್ರಿ ಮಾಡಿ, ಮಡಚಿ ಇಟ್ಟಾಗಿತ್ತು.

ಈಗ ಇವತ್ತಿನ ಬೆಳಗಿನ ಮಾತು.

ಕಂಬಗಳ ಪಕ್ಕ ಕಾರು ನಿಲ್ಲಿಸಿ ಸೈಕಲ್ ಇಳಿಸಿದೆ. ಅಂಗಡಿಯವನು ದಪ್ಪ ಟೈರು ಹಾಕಿ, ಜಲ್ಲಿ ಮೇಲೆ ಹಿಡಿತ ಬರಲೆಂದು ಗಾಳಿ ಸ್ವಲ್ಪ ಕಡಿಮೆ ಬಿಟ್ಟಿದ್ದ. ಕಂಬಗಳ ನಡುವೆ ನುಸುಳಿ ಸ್ವಲ್ಪ ದೂರ ಹೋದೆನೋ ಇಲ್ಲವೋ, ಏನೋ ಕಳೆದುಕೊಂಡೆ ಅನ್ನಿಸಿತು. ಕಾಲೂರಿ ಜೇಬು ಮುಟ್ಟಿ ನೋಡಿಕೊಂಡೆ. ಕಾರಿನ ಬೀಗದ ಕೈ ಇತ್ತು, ಕರ್ಚೀಫು ಇತ್ತು, ಕನ್ನಡಕ ಮೂಗಿನ ಮೇಲೇ ಇತ್ತು. ಮತ್ತೆ ಹೊರಟು ಮೊದಲ ತಿರುವು ದಾಟಿದ ಮೇಲೆ ತಿಳಿಯಿತು, ಕಳೆದದ್ದು ಸದ್ದು. ಇಂಜಿನ್ನಿಲ್ಲ, ಹಾರನ್ನಿಲ್ಲ, ಹಿಂದಿನಿಂದ ಯಾರೋ ಬರುತ್ತಿದ್ದಾರೆ ಅನ್ನುವ ಗುಮಾನಿಯಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಕುತ್ತಿಗೆ ಹಿಂದೆ ಏನಿದೆ ಎಂದು ನೋಡಬೇಕಾದ ಕೆಲಸ ನನಗಿರಲಿಲ್ಲ.

ಮೊದಲು ಟೈರಿನ ಕೆಳಗೆ ಜಲ್ಲಿ ಕರಕರ ಅನ್ನುವುದು, ಮತ್ತೆ ನನ್ನ ಏದುಸಿರು, ಇಷ್ಟೇ ಕೇಳಿಸಿತು. ಆಮೇಲೆ ಒಂದೊಂದಾಗಿ ಉಳಿದ ಸದ್ದುಗಳು ಹತ್ತಿರ ಬಂದವು. ಜೊಂಡುಹುಲ್ಲು ಒಂದಕ್ಕೊಂದು ಉಜ್ಜಿಕೊಳ್ಳುವುದು, ಏಡಿಗಳು ಬಿಲಕ್ಕೆ ಓಡುವುದು, ಕೆಸರಿನಲ್ಲಿ ಗುಳ್ಳೆ ಒಡೆದು ಪಿಟಿಪಿಟಿ ಅನ್ನುವುದು. ಕೆಸರು ಮಾತಾಡುತ್ತದೆ ಎಂದು ನೀನು ನನಗೆ ಯಾಕೆ ಬರೆಯಲಿಲ್ಲ ಗುಬ್ಬಿ? ಬರೆದಿದ್ದೆಯೇನೋ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ ಅನ್ನುವ ಸಾಲನ್ನು ಹುಡುಕುವುದರಲ್ಲಿ ನಾನು ಅದನ್ನು ಹಾರಿಸಿ ಓದಿರಬೇಕು.

ಎಡಕ್ಕೆ ಸಮುದ್ರ, ಬಲಕ್ಕೆ ಜೌಗು. ಜೌಗಿನ ನೀರು ಅಲುಗದೆ ನಿಂತಿತ್ತು, ಮೋಡವೆಲ್ಲ ಅದರೊಳಗಿತ್ತು. ಮೇಲೂ ಆಕಾಶ, ಕೆಳಗೂ ಆಕಾಶ, ನಡುವೆ ಒಂದು ಬಿಳಿ ಜಲ್ಲಿ ದಾರಿ, ಅದರ ಮೇಲೆ ಭುಜದ ಪ್ಯಾಡಿನ ಮೇಲೆ ಕೂತ ನಾನು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಗಾಳಿಗೆ ಬಂದ ನೀರು ಎಂದು ಆಗ ಅಂದುಕೊಂಡೆ.

ಹಾಗೆಂದು ನಾನು ಬಂದ ಕೆಲಸ ಮರೆಯಲಿಲ್ಲ. ಅಪಾಯವನ್ನು ಮುಂಚೆಯೇ ಕಾಣುವುದು ನನ್ನ ಕಸುಬು. ಏರಿಗೆ ತಡೆಗೋಡೆಯಿಲ್ಲ. ದೀಪದ ಕಂಬವಿಲ್ಲ. ಕೂಗಿದರೆ ಓಗೊಡುವ ಮನೆಯಿಲ್ಲ. ಹುಷಾರು ತಪ್ಪಿದರೆ ಆಂಬುಲೆನ್ಸ್ ಕಲ್ಲುಕಂಬದ ಹತ್ತಿರ ನಿಂತು ಸೈರನ್ ಹೊಡೆಯಬೇಕು ಅಷ್ಟೇ. ಒಂದೊಂದನ್ನೂ ಮನಸ್ಸಿನಲ್ಲಿ ಗಂಟು ಕಟ್ಟಿಕೊಳ್ಳುತ್ತಾ ಹೋದೆ, ನಿನ್ನೆದುರು ಬಿಚ್ಚಿ ಹರವಲು.

ಎದುರುಗಾಳಿ ಶುರುವಾಯಿತು. ಬಾಯಿ ಒಣಗಿತ್ತು. ಏರಿಯ ಅಂಚಿನಲ್ಲಿ ಜೊಂಡು ಕೊಯ್ದು ಕಂತೆ ಕಟ್ಟುತ್ತಿದ್ದ ಒಬ್ಬಾಕೆ ಕುಡಿಯಲು ನೀರು ಕೊಟ್ಟಳು. ಎಲ್ಲಿಗೆ ಹೊರಟಿರಿ ಎಂದು ಕೇಳಿದಳು. ಸುಮ್ಮನೆ ನೋಡೋಕೆ ಅಂದೆ. ನೋಡೋಕೇ ಬಂದೋರು ಇನ್ನು ಸ್ವಲ್ಪ ಹೊತ್ತು ಇಲ್ಲೇ ನಿಂತ್ಕೊಳ್ಳಿ, ಸಮುದ್ರ ಇಳಿದಿದೆ, ನಮ್ಮ ತೂಬಿನ ಹುಡುಗಿ ಈಗ ನೀರು ಬಿಡ್ತಾಳೆ ಅಂದಳು. ನಾನು ಯಾರೆಂದು ಹೇಳಲಿಲ್ಲ. ನಮ್ಮ ಹುಡುಗಿ ಅನ್ನುವುದನ್ನು ಅವಳ ಬಾಯಲ್ಲಿ ಕೇಳಿ ನನಗೆ ಹೊಟ್ಟೆಕಿಚ್ಚಾಯಿತು, ಅದನ್ನು ಮುಚ್ಚಿಡಲಾರೆ.

ಅಲ್ಲಿಂದ ಜೌಗಿನ ಆಚೆ ದಡ ಕಾಣುತ್ತದೆ. ಹಳದಿ ಚುಕ್ಕಿಯೊಂದು ಏರಿಯ ಮೇಲೆ ಬಂತು. ನಿಮ್ಮಪ್ಪ ಹೊಲಿದ ಮಳೆಕೋಟು, ಎಷ್ಟು ದೂರದಿಂದಲೂ ನನಗೆ ಗುರುತು ಸಿಗುತ್ತದೆ. ಬಿಸಿಲಿದ್ದರೂ ಹಾಕಿಕೊಂಡಿದ್ದೆ. ನೀನು ಸೈಕಲ್ ಒರಗಿಸಿ ತೂಬಿನ ಮೇಲಿನ ಕಬ್ಬಿಣದ ಚಕ್ರಕ್ಕೆ ಎರಡೂ ಕೈ ಕೊಟ್ಟು, ಇಡೀ ಮೈಯ ಭಾರ ಹಾಕಿ ತಿರುಗಿಸಿದೆ. ಮೊದಲು ಏನೂ ಆಗಲಿಲ್ಲ. ಇಷ್ಟಕ್ಕೇ ಕಾದೆನೇ ಅಂದುಕೊಳ್ಳುವಷ್ಟರಲ್ಲಿ ನನ್ನ ಕಾಲಬುಡದ ನೀರು ನಡುಗಿತು. ಅಷ್ಟು ದೂರದಲ್ಲಿ ನೀನು ತಿರುಗಿಸಿದ್ದು ಇಲ್ಲಿ ನನ್ನ ಕಾಲಬುಡಕ್ಕೆ ಬಂತು! ಒಳಗಿದ್ದ ಮೋಡಗಳೆಲ್ಲ ಒಂದೇ ಕಡೆಗೆ ಜಾರತೊಡಗಿದವು. ಕಾಲುವೆಗಳು ಎಲ್ಲಿದ್ದವೋ, ನೀರಿನ ಕೆಳಗಿನಿಂದ ಒಂದೊಂದಾಗಿ ಕಾಣಿಸಿಕೊಂಡವು, ಕೈಯ ಗೆರೆಗಳ ಹಾಗೆ. ನೀರು ನಿಧಾನವಾಗಿ ಬಿಟ್ಟುಕೊಟ್ಟ ಕಡೆಯೆಲ್ಲ ಕೆಸರು ಎದ್ದು ಬೆಳ್ಳಿಯ ಹಾಗೆ ಹೊಳೆಯಿತು. ಆಮೇಲೆ ಹಕ್ಕಿಗಳು ಬಂದವು. ಎಲ್ಲಿ ಕಾದಿದ್ದವೋ, ಯಾರು ಹೇಳಿಕಳಿಸಿದರೋ, ಸಮುದ್ರದ ಕಡೆಯಿಂದ ಬಂದವು, ಬರುತ್ತಲೇ ಇದ್ದವು, ಇಳಿಯುತ್ತಲೇ ಇದ್ದವು. ನಿನಗಾದರೆ ಎಲ್ಲದರ ಹೆಸರು ಗೊತ್ತು. ನಾನು ಹೆಸರಿಲ್ಲದೆಯೇ ನೋಡಿದೆ.

ಕಾರನ್ನು ಹಿಂದಕ್ಕೆ ತೆಗೆ ಅಂದರೆ ಅಳುತ್ತಿದ್ದ ನನ್ನ ಮಗಳು ಒಂದು ಚಕ್ರ ತಿರುಗಿಸಿ ನೀರನ್ನು ನೆಲ ಮಾಡಿದ್ದಳು. ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆನಂತೆ. ಸೊಳ್ಳೆ ಹೋದೀತು, ಮುಚ್ಕೊಳ್ಳಿ ಎಂದು ಜೊಂಡಿನವಳು ನಕ್ಕಳು. ದಿನಾ ಹೀಗೇನಾ ಎಂದು ಕೇಳಿದೆ. ದಿನಾ, ಆದ್ರೆ ಒಂದು ದಿನದ ಹಾಗೆ ಇನ್ನೊಂದು ದಿನ ಇರಲ್ಲ ಅಂದಳು.

ನೀನು ಇನ್ನುಳಿದ ತೂಬುಗಳ ಕಡೆಗೆ ಹೊರಟೆ. ನಾನೂ ಸೈಕಲ್ ಹತ್ತಿದೆ. ಏರಿ ಬಾಗಿದ್ದರಿಂದ ಗಾಳಿ ಈಗ ಬೆನ್ನಿಗಿತ್ತು. ಏರಿಯ ದೊಡ್ಡ ತಿರುವಿನಲ್ಲಿ ದಾರಿಯ ಮೇಲೆ ಜಲ್ಲಿ ಸ್ವಲ್ಪ ದಪ್ಪ, ಕಂದು ಬಣ್ಣ, ಹುಷಾರಾಗಿ ಹೋಗಬೇಕು ಅಂದುಕೊಂಡೆ. ಹತ್ತಿರ ಹೋದೆ. ಕಲ್ಲುಗಳೆಲ್ಲ ಎದ್ದವು.

ಕಲ್ಲಲ್ಲ ಗುಬ್ಬಿ, ಹಕ್ಕಿ! ನೂರಾರು ಕಂದು ಹಕ್ಕಿ ಜಲ್ಲಿಯ ಬಣ್ಣದಲ್ಲೇ ಜಲ್ಲಿಯ ಮೇಲೆ ಕೂತಿದ್ದವು. ನನ್ನ ಬಲಗಾಲು ತನ್ನ ಕೆಲಸ ಮಾಡಿತು. ಒತ್ತಿದೆ. ಸೈಕಲ್ ಮುಂದಕ್ಕೆ ನೆಗೆಯಿತು. ಹೆದರಿ ಇನ್ನೂ ಜೋರಾಗಿ ಒತ್ತಿದೆ, ಅದು ಇನ್ನೂ ಜೋರಾಗಿ ಹೋಯಿತು. ಎಡಕ್ಕೆ ರೆಕ್ಕೆ, ಬಲಕ್ಕೆ ರೆಕ್ಕೆ, ತಲೆಯ ಮೇಲೆ ರೆಕ್ಕೆ, ಆ ರೆಕ್ಕೆಗಳ ಗಾಳಿ ನನ್ನ ಕೆನ್ನೆಗೆ ತಾಗುತ್ತಿತ್ತು. ಅವು ನನ್ನ ವೇಗದಲ್ಲೇ ಹಾರುತ್ತಿದ್ದವು, ಅಥವಾ ನಾನು ಅವುಗಳ ವೇಗದಲ್ಲಿ ಹೋಗುತ್ತಿದ್ದೆ. ಒಂದು ಹಕ್ಕಿಯ ಕಣ್ಣು ನನ್ನ ಕಣ್ಣಿನ ಎತ್ತರಕ್ಕೇ ಇತ್ತು. ಅದಕ್ಕೆ ನನ್ನ ಭಯವಿರಲಿಲ್ಲ. ನನಗೂ ಆ ಹೊತ್ತಿನಲ್ಲಿ ಯಾರ ಭಯವೂ, ಯಾವುದರ ಭಯವೂ ಇರಲಿಲ್ಲ, ನಿನಗೇನಾಗುತ್ತದೋ ಅನ್ನುವ ಭಯ ಕೂಡ. ನೀನು ಹುಟ್ಟಿದಂದಿನಿಂದ ಅದು ನನ್ನನ್ನು ಬಿಟ್ಟು ಹೋದದ್ದು ಅದೇ ಮೊದಲು. ಆಮೇಲೆ ಎಲ್ಲವೂ ಒಟ್ಟಿಗೆ ಸಮುದ್ರದ ಕಡೆಗೆ ವಾಲಿದವು, ನಾನು ಜೌಗಿನ ಕಡೆಗೆ ವಾಲಿದೆ.

ಮೊಣಕಾಲವರೆಗೆ ಕೆಸರು, ಚಪ್ಪಲಿ ಒಂದು ಅಲ್ಲೇ ಒಳಗೆ ಹೋಯಿತು, ಇನ್ನೊಂದನ್ನು ನಾನೇ ಬಿಟ್ಟೆ. ಮೈಗೆ ಏನೂ ಆಗಿಲ್ಲ, ಆಣೆ. ಮುಳುಗಿದವರಿಗೆ ಚಳಿಯೇನು ಮಳೆಯೇನು ಎಂದು ಅಲ್ಲೇ ಕೂತು ಗಟ್ಟಿಯಾಗಿ ನಕ್ಕೆ. ಕೇಳಲು ಯಾರೂ ಇರಲಿಲ್ಲ, ಅದೂ ಒಂದು ಸುಖ. ನಿನಗಾಗಿ ಕಟ್ಟಿಕೊಂಡು ಬಂದ ಆ ಗಂಟು, ತಡೆಗೋಡೆ, ದೀಪ, ಆಂಬುಲೆನ್ಸು, ಎಲ್ಲಿ ಬಿತ್ತೋ ಏನೋ. ಹುಡುಕಲಿಲ್ಲ.

ಬರಿಗಾಲಲ್ಲೇ ತುಳಿಯುತ್ತಾ ನಿನ್ನ ಮನೆಯವರೆಗೂ ಬಂದೆ. ಬಾಗಿಲಿಗೆ ಬೀಗವಿರಲಿಲ್ಲ. ನಮ್ಮೂರಿನಲ್ಲಾಗಿದ್ದರೆ ಬೈಯುತ್ತಿದ್ದೆ. ಒಂದು ಕೋಣೆ, ಒಂದು ಮಂಚ, ಕಿಟಕಿಗೆ ಎದುರಾಗಿ ಮೇಜು. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಸಮುದ್ರ ಏರುವ ಇಳಿಯುವ ಹೊತ್ತಿನ ಗೆರೆಗಳು. ಒಲೆಯ ಪಕ್ಕ ಪಾತ್ರೆ ತೊಳೆದು ಬೋರಲು ಹಾಕಿದ್ದೆ. ಮನೆಯಲ್ಲಿದ್ದಾಗ ಒಂದು ಲೋಟ ತೊಳೆಯಲೂ ಹತ್ತು ಸಲ ಹೇಳಿಸಿಕೊಳ್ಳುತ್ತಿದ್ದವಳು! ಬಾಗಿಲ ಹಿಂದೆ ಇನ್ನೊಂದು ವಸ್ತು ಕಂಡಿತು. ಅದರ ವಿಷಯ ಇಲ್ಲಿ ಬರೆದರೆ ಅಕ್ಷರ ಕಲಸಿಹೋಗುತ್ತದೆ, ಕೊನೆಗೆ ನೋಡೋಣ.

ಗುಬ್ಬಿ, ನೋಡಿದ ಮೇಲೆ ಹೇಳು ಅಂದಿದ್ದೆ. ನೋಡಿದೆ. ಮನೆಯಲ್ಲಿ ಹೊಲಿದು ತಂದ ಮಾತು ನಿನ್ನ ಅಳತೆಗೆ ಕೂರುವುದಿಲ್ಲ. ಬಾ ಅನ್ನುವುದಿಲ್ಲ. ಇರು. ಖಾಯಂ ಮಾಡುತ್ತಾರಾದರೆ ಹೂಂ ಅನ್ನು, ಇವತ್ತೇ ಅನ್ನು. ನನಗೆ ಭಯ ಹೋಗಿಲ್ಲ, ಸುಳ್ಳು ಹೇಳಲಾರೆ. ಹಕ್ಕಿಗಳ ನಡುವೆ ಹೋದದ್ದು ಕೆಸರಿನಲ್ಲಿ ಕೂತಾಗಲೇ ಅರ್ಧ ವಾಪಸ್ಸು ಬಂತು. ಗಾಳಿ ಬೀಸಿದ ರಾತ್ರಿ ನಾನು ಅಲ್ಲಿ ಮನೆಯಲ್ಲಿ ಎದ್ದು ಕೂತೇ ಇರುತ್ತೇನೆ, ಅದು ನನ್ನ ಪಾಲಿಗೆ ಬಿಡು. ಬೋರ್ಡಿನ ಖಾಲಿ ಜಾಗಕ್ಕೆ ಒಂದು ಸೈಕಲ್ ಚಿತ್ರ ಬರೆಸುತ್ತೇನೆ. ಅಂಗಡಿಯವನು ನೋಡಿ ಹಿಗ್ಗಲಿ.

ಇದನ್ನೆಲ್ಲ ಎದುರಿಗೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಆಗುವುದಿಲ್ಲ. ನಿನ್ನ ಮುಖ ಕಂಡ ತಕ್ಷಣ, ನನ್ನ ಕಾಲು ಬ್ರೇಕ್ ಹುಡುಕುವ ಹಾಗೆಯೇ, ನನ್ನ ಬಾಯಿ ನಡಿ ಮನೆಗೆ ಅಂದುಬಿಡುತ್ತದೆ. ನೀನು ಮಾತಿಗೆ ತಪ್ಪದವಳು, ಹೊರಟೇ ಬಿಡುತ್ತೀಯ. ಅದಕ್ಕೇ ಮೊದಲು ಬರೆದು ಇಡುತ್ತಿದ್ದೇನೆ. ಇನ್ನು ಮೇಲೆ ನನ್ನ ಬಾಯಿ ಏನೇ ಅಂದರೂ ನಂಬಬೇಡ, ಈ ಕಾಗದವನ್ನೇ ನಂಬು.

ನಿನ್ನ ಪಕ್ಕದ ಸೀಟಿನಿಂದ ಇಳಿದಿರುವ,
ನಿನ್ನ ಅಮ್ಮ

ಮರೆತ ಮಾತು: ಈ ಕಾಗದಕ್ಕೆ ಲಕೋಟೆಯಿಲ್ಲ, ಅಂಚೆಚೀಟಿಯೂ ಇಲ್ಲ, ನಿನ್ನ ಮೇಜಿನ ಮೇಲೆ ನಿನ್ನದೇ ಪೆನ್ನಿನ ಕೆಳಗೆ ಇದೆ ಎಂದು ಇಷ್ಟು ಹೊತ್ತಿಗೆ ನೋಡಿರುತ್ತೀಯ. ಬಾಗಿಲ ಹಿಂದೆ ನಿನ್ನ ಕೆಸರು ಮೆತ್ತಿದ ಬೂಟಿನ ಪಕ್ಕದಲ್ಲಿ ಇನ್ನೊಂದು ಜೊತೆ ಇತ್ತಲ್ಲ, ಹೊಸದು, ಚೀಟಿ ಕೂಡ ಕೀಳದ್ದು, ನಿನ್ನ ಕಾಲಿಗೆ ಎಂದೂ ಹಿಡಿಸದ ಸಣ್ಣ ಅಳತೆಯದು, ಅದು ಈಗ ಅಲ್ಲಿಲ್ಲ. ಕಳ್ಳರು ಬಂದಿದ್ದರೆಂದು ಹೆದರಬೇಡ. ಎಷ್ಟು ತಿಂಗಳಿನಿಂದ ಅದನ್ನು ತಂದಿಟ್ಟು ಕಾದಿದ್ದೆ ಗುಬ್ಬಿ? ನನ್ನ ಕಾಲಿಗೆ ಸರಿಯಾಗಿದೆ. ಅದನ್ನು ಹಾಕಿಕೊಂಡು ನೀನು ವಾಪಸ್ಸು ಬರುವ ದಾರಿಯಲ್ಲೇ ಎದುರಿಗೆ ಬರುತ್ತಿದ್ದೇನೆ. ನೀನು ನನ್ನನ್ನು ಮೊದಲು ನೋಡುತ್ತೀಯೋ, ಮನೆ ಹೊಕ್ಕು ಈ ಕಾಗದವನ್ನೋ, ಹೇಳಲಾರೆ. ನಿನ್ನನ್ನು ಕಂಡ ಕೂಡಲೇ ನನ್ನ ಬಲಗಾಲು ಒತ್ತುತ್ತದೆ, ಸೈಕಲ್ ನಿಲ್ಲುವುದಿಲ್ಲ. ಪಕ್ಕಕ್ಕೆ ಸರಿಯಬೇಡ, ಹಿಡಿದುಕೋ.